ಒಂದು ಕಾರ್ಡು, ಎರಡು ಫೋನು

“ನಿನ್ ಸರ್ವರ್ರು ನಂಗೊಬ್ಳಿಗೇ ಯಾಕವ್ವಾ ಸುದ್ದಿ ಯೋಳ್ನಿಲ್ಲ?”

ಕಳೆದ ಮಂಗಳವಾರ ಬೆಳಿಗ್ಗೆ ಅರಕೆರೆಯ ಜಯಮ್ಮ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್ ಪಕ್ಕ ಇಡ್ಲಿ ತಿನ್ನುತ್ತಿದ್ದೆ. (ಇಡ್ಲಿ ಅರ್ಧ ಉಳಿಯಿತು ಎಂದೂ ಅಂದಿನ ದಿನಚರಿಯಲ್ಲಿ ಬರೆದಿದ್ದೇನೆ.)

ನಾಲೆಯ ನೀರು ಯಾರ ಗದ್ದೆಗೆ ಯಾವಾಗ ಎಂದು ಅಲ್ಲಿನ ರೈತರ ಫೋನಿಗೆ ತಿಳಿಸುವ ಪುಟ್ಟ ಆ್ಯಪ್ ಮಾಡಿಕೊಟ್ಟವಳು ನಾನು. ನಾಲೆಯ ನೀರು ಬಿಡುವ ನೀರುಗಂಟಿ ತೂಬು ಎತ್ತುವ ಮುಂಚೆ ಬಟನ್ ಒತ್ತುತ್ತಾನೆ. ಸರದಿ ಯಾರದೋ ಅವರ ಫೋನಿಗೆ ಸರ್ವರ್ ಮೆಸೇಜ್ ಕಳಿಸುತ್ತದೆ.

ಫೋನು ಯಾರದೆಂದು ಸರ್ವರ್‌ಗೆ ಹೇಗೆ ಗೊತ್ತು? ಟೋಕನ್‌ನಿಂದ. ಬಸ್ ಪಾಸ್ ಇದ್ದ ಹಾಗೆ. ಪ್ರತಿ ಸಲ ಹೆಸರು, ಪಾಸ್‌ವರ್ಡ್ ಹೇಳಬೇಕಿಲ್ಲ; ತೋರಿಸಿದರೆ ಸಾಕು. ಮನೆಗೊಂದು ಕಾರ್ಡು ಕೊಟ್ಟಿದ್ದೆ. ಅದನ್ನು ಸ್ಕ್ಯಾನ್ ಮಾಡಿದರೆ ಟೋಕನ್ ಫೋನಿಗೆ ಇಳಿಯುತ್ತದೆ.

ನಾನು ಹೋಗಿ ನೋಡಿದಾಗ ಜಯಮ್ಮನ ಬದುವಿನ ಮೇಲೆ ಕಿತ್ತ ಪೈರಿನ ಕಟ್ಟುಗಳು ಸಾಲಾಗಿ ಬಿದ್ದಿದ್ದವು. ನಾಟಿಗೆ ಆಳುಗಳು ಬಂದು ಕೂತಿದ್ದರು. ಗದ್ದೆ ಮಾತ್ರ ಒಣಗಿತ್ತು. ಮಡೆ ತೆರೆದು ಗದ್ದೆಗೆ ನೀರು ತಿರುಗಿಸುವವರಿಲ್ಲದೆ ಜಯಮ್ಮನ ಸರದಿಯ ನೀರು ಮುಂದಕ್ಕೆ ಹರಿದುಹೋಗಿತ್ತು. ಕಿತ್ತ ಪೈರು ಎಷ್ಟು ಹೊತ್ತು ತಡೆದೀತು?

ಲ್ಯಾಪ್‌ಟಾಪ್ ತೆರೆದು ಸರ್ವರ್ ನೋಡಿದೆ. ಜಯಮ್ಮನ ಟೋಕನ್ ಹಿಡಿದು ಎರಡು ಫೋನುಗಳು ಬರುತ್ತಿದ್ದವು. ಒಂದು ಒಳಗೆ ಬಂದರೆ ಇನ್ನೊಂದು ಹೊರಗೆ. ಒಂದು ಟೋಕನ್‌ಗೆ ಒಂದೇ ಫೋನು ಎಂಬುದು ನಾನೇ ಇಟ್ಟ ನಿಯಮ.

“ಕಾರ್ಡು ಯಾರಿಗಾದರೂ ಕೊಟ್ಟಿದ್ರಾ?”

“ಪಕ್ಕದ ಗದ್ದೆ ಪುಟ್ಟೇಗೌಡಂಗೆ ಕೊಟ್ಟೆ. ಅವನ್ ಕಾರ್ಡ್ನ ಎಮ್ಮೆ ಮೇದ್ಬುಡ್ತು. ಮುಯ್ಯಾಳ್ ಕಣವ್ವ ನಾವು. ಅವನ್ ನಾಟಿಗೆ ನಾನೋಯ್ತೀನಿ, ನನ್ ನಾಟಿಗೆ ಅವ್ನ್ ಮನೆಯೋರು ಬತ್ತಾರೆ. ಒಂದ್ ಕಾರ್ಡ್ ಇಲ್ಲ ಅನ್ನಕ್ಕಾಯ್ತದಾ?”

ಅಷ್ಟರಲ್ಲಿ ಪುಟ್ಟೇಗೌಡರೇ ಬಂದರು. ಬೆಳಗಿನ ಮೆಸೇಜ್ ಅವರ ಫೋನಿಗೆ ಹೋಗಿತ್ತು.

“ಪಾಂಡವಪುರದ್ ಬಸ್ನಲ್ಲಿದ್ದೆ ಕಣಕ್ಕ. ನಿನ್ ಗದ್ದೆಗೆ ನೀರು ಅಂತಿತ್ತು. ನಿಂಗೂ ಬಂದಿರ್ತದೆ ಅನ್ಕಂಡೆ.”

“ಒಂದ್ ಫೋನ್ ಮಾಡಕ್ಕೇನ್ಲಾ ರೋಗ? ಮೊದ್ಲು ನೀರು ಬಂದ್ರೆ ಊರಿಗೇ ಕೇಳಂಗೆ ಕೂಗ್ತಿದ್ದೆ. ಈಗ ಗಂಟ್ಲು ಕಟ್ಕಂಡದಾ?”

ಆಳುಗಳು ನಕ್ಕರು. ಪುಟ್ಟೇಗೌಡರು ನಗಲಿಲ್ಲ. ಪೈರಿನ ಒಂದು ಕಟ್ಟು ಎತ್ತಿ ಬೇರು ಮುಟ್ಟಿ ನೋಡಿದರು.

“ನಾಳೆ ನನ್ ಸರದಿ. ನೀನೇ ತಕ್ಕಳಕ್ಕ. ನಂದಿನ್ನೂ ಪೈರು ಕಿತ್ತಿಲ್ಲ.”

ಕಟ್ಟುಗಳನ್ನು ಒಣಗದಂತೆ ಕಾಲುವೆಯ ಕೆಸರಿನಲ್ಲಿ ನಿಲ್ಲಿಸಿದರು. ನೀರುಗಂಟಿಗೆ ಒಂದು ಮಾತು ಹೇಳಿದ್ದಾಯಿತು. ಬುಧವಾರ ನಾಟಿ ಮುಗಿಯಿತು. ಪೈರಿನ ತುದಿ ಕೊಂಚ ಹಳದಿಯಾಗಿತ್ತು, ಅಷ್ಟೇ. (ಸರದಿ ಬದಲಿಸಿಕೊಳ್ಳಲು ನನ್ನ ಆ್ಯಪಿನಲ್ಲಿ ದಾರಿಯೇ ಇರಲಿಲ್ಲ.)

ನಿಯಮ ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಯಾರೋ ಟೋಕನ್ ಕದ್ದು ಇನ್ನೊಬ್ಬರ ಹೆಸರಿನಲ್ಲಿ ಒಳಗೆ ಬಂದರೆ? ಹಳೆಯದನ್ನು ರದ್ದು ಮಾಡಿ ಇಬ್ಬರಿಗೂ ಹೊಸ ಕಾರ್ಡು ಕೊಟ್ಟೆ. ಈಗ ಒಬ್ಬರ ಫೋನು ಇನ್ನೊಬ್ಬರದನ್ನು ಹೊರಗೆ ದಬ್ಬುವುದಿಲ್ಲ. ಅವರವರ ಸುದ್ದಿ ಅವರವರಿಗೆ.

ಆದರೆ ಒಂದು ಯೋಚನೆ ಬಿಡುತ್ತಿಲ್ಲ. ಪುಟ್ಟೇಗೌಡರು ಸುಮ್ಮನಿದ್ದದ್ದು ಕೆಟ್ಟತನದಿಂದಲ್ಲ, ನನ್ನ ಆ್ಯಪಿನ ಮೇಲಿನ ನಂಬಿಕೆಯಿಂದ. ಎಲ್ಲರ ಫೋನೂ ಸರ್ವರ್‌ಗೆ ಕನೆಕ್ಟ್ ಆದ ಮೇಲೆ, ಬದುವಿನ ಮೇಲೆ ನಿಂತು ಕೂಗುವವರು ಯಾರು?