ಮೀನಿನ ಬುಟ್ಟಿಯಷ್ಟು ಅಗಲ

ನಮ್ಮ ಹಿತ್ತಲ ಬೇಲಿಯಲ್ಲೊಂದು ಕಂಡಿಯಿತ್ತು. ಯಾರೂ ಮಾಡಿದ್ದಲ್ಲ, ಜನ ನುಸುಳಿ ನುಸುಳಿ ತಾನಾಗಿ ಆದದ್ದು. ಬೆಳಿಗ್ಗೆ ಅದರೊಳಗಿಂದ ಮೊದಲು ಬಂಗುಡೆಯ ವಾಸನೆ, ಅದರ ಬೆನ್ನಿಗೆ ಪಕ್ಕದ ಮನೆಯ ಬೆಕ್ಕು, ಆಮೇಲೆ ಮೀನಿನ ಬುಟ್ಟಿ ಹೊತ್ತ, ಕಡಲತಡಿಯ ಕೋಡಿಯ ಗಿರಿಜಕ್ಕ, ಈ ಕ್ರಮದಲ್ಲಿ ಲೋಕವು ನಮ್ಮ ಮನೆಗೆ ಬರುತ್ತಿತ್ತು.

ಕುಂದಾಪುರದ ಹೆದ್ದಾರಿಯನ್ನು ಅಗಲ ಮಾಡತೊಡಗಿದಾಗ ನನಗೊಂದು ಚಿಂತೆ ಹತ್ತಿತು. ಚಿಂತೆ ನನಗೆ ಹೊಸದಲ್ಲ, ಮಿತ್ರರೇ. ಮಳೆ ಬಂದರೆ ಬಾವಿ ತುಂಬಿ ಹರಿದೀತೆಂದೂ ಬಾರದಿದ್ದರೆ ಬತ್ತೀತೆಂದೂ ಒಂದೇ ನಿದ್ದೆಯನ್ನು ಎರಡು ಸಲ ಕೆಡಿಸಿಕೊಳ್ಳುವವನು ನಾನು. ಊರು ನಗರವಾಗುತ್ತಿದೆ, ಗುರುತಿಲ್ಲದವರು ಬರುತ್ತಾರೆ, ಅವರ ಜೊತೆ ಕಳ್ಳರೂ ಬರುತ್ತಾರೆ ಎಂದು ಬೇಲಿ ಕಿತ್ತು ಕೆಂಪುಕಲ್ಲಿನ ಕಾಂಪೌಂಡು ಕಟ್ಟಿಸಹೊರಟೆ.

"ಕಳ್ಳ ಬಂದ್ ಎಂತ ಹೊತ್ಕಂಡ್ ಹೋಪ್ದ್? ನಿಮ್ಮ ಚಿಂತಿಯಾ?" ಎಂದಳು ಹೆಂಡತಿ.

ಗೋಡೆ ಎರಡೂ ಕಡೆಯಿಂದ ಬೆಳೆದು ಕಂಡಿಯ ಬಳಿ ನಿಂತಿತು. ಅದನ್ನೂ ಮುಚ್ಚಲೆಂದು ಮೇಸ್ತ್ರಿ ರಾಘು ಕರಣೆ ಎತ್ತುವಷ್ಟರಲ್ಲಿ ಗಿರಿಜಕ್ಕ ಬಂದಳು.

"ಹ್ವಾಯ್ ಮಾಷ್ಟ್ರೆ, ಇದನ್ನೂ ಮುಚ್ತ್ರಿಯಾ? ಬುಟ್ಟಿ ಹೊತ್ಕಂಡ್ ನಾನ್ ಹೈವೇ ಸುತ್ತಿ ಬರ್ಕಾ? ಲಾರಿಯವ್ರ್ ದಾರಿ ಬಿಟ್ರೆ ಬತ್ತೆ. ಬಿಡ್ದಿರೆ ನಿಮ್ಗ್ ಬಸಳೆ ಸಾರೇ ಗತಿ!"

ನಾನು ನಕ್ಕೆ, ನಗುತ್ತಿರುವಾಗಲೇ ಇನ್ನೊಂದು ಚಿಂತೆ ಹತ್ತಿತು. ನಾನು ಶಾಲೆಗೆ ಪಾಠ ಹೇಳಲು ಹೋಗುವುದಾದರೂ ಹೇಗೆ? ಇದೇ ಕಂಡಿ ದಾಟಿ, ಪಕ್ಕದ ಮನೆಯ ಆಚಾರ್ರ ಬಾವಿಕಟ್ಟೆ ಬಳಸಿ, ಅವರಾಚೆಯ ಶೇರಿಗಾರರ ತೆಂಗಿನ ನೆರಳಲ್ಲಿ ಹಾದು, ಹೆದ್ದಾರಿಗೆ ಕಾಲಿಡದೆ. ನನ್ನ ಗೋಡೆ ನೋಡಿ ಆಚಾರ್ರೂ, ಅವರದನ್ನು ನೋಡಿ ಶೇರಿಗಾರರೂ ಕಟ್ಟಿಸಿದರೆ, ರಸ್ತೆ ದಾಟಲು ಹೆದರುವ ನಾನು ನಿವೃತ್ತಿಯವರೆಗೂ ಡಿವೈಡರಿನ ಮೇಲೆಯೇ ನಿಂತಿರಬೇಕಾದೀತು!

ನಗರ ಯೋಜನೆಯ ಮಾತೆತ್ತಿದರೆ ನಾವು ಮೊದಲು ಅಳೆಯುವುದು ಕಾರಿನ ಅಗಲವನ್ನು. ಸುಸ್ಥಿರ ನಗರವೆಂದರೆ ದೂರದ ಯಾವುದೋ ದೇಶದ ಅಚ್ಚರಿಯೆಂದು ನಾನೂ ನಂಬಿದ್ದೆ. ಆದರೆ ಹೊಗೆಯಿಲ್ಲದ, ಹಾರನ್ನಿಲ್ಲದ, ಮಳೆನೀರು ಇಂಗುವ ಮಣ್ಣಿನ ದಾರಿಗಳು ನಮ್ಮ ಹಿತ್ತಿಲುಗಳಲ್ಲೇ ಒಂದನ್ನೊಂದು ಕೈಹಿಡಿದುಕೊಂಡು ಊರಿಡೀ ಓಡಾಡುತ್ತಿವೆಯಲ್ಲ! ಯಾವ ನಕ್ಷೆಯಲ್ಲೂ ಇಲ್ಲದ ಕಾರಣ ಅವು ಅಳಿದರೂ ಯಾರಿಗೂ ತಿಳಿಯುವುದಿಲ್ಲ. ಅಳಿಸುವುದಕ್ಕೆ ಸರಕಾರವೇ ಬರಬೇಕೆಂದಿಲ್ಲ, ನನ್ನಂಥ ಪುಕ್ಕಲ ಮೇಷ್ಟ್ರು ಸಾಕು.

"ಸಿಮೆಂಟ್ ಗಟ್ಟಿ ಆತಾ ಇತ್ತ್, ಬೇಗ ಹೇಳಿ ಮಾರಾಯ್ರೆ," ಎಂದ ರಾಘು. "ಬಿಡುದಾರೆ ಎಷ್ಟ್ ಅಗಲ ಬಿಡ್ಕ್?"

ನನಗೆ ಅಡಿಯೂ ತೋಚಲಿಲ್ಲ, ಇಂಚೂ ತೋಚಲಿಲ್ಲ. ಗಿರಿಜಕ್ಕ ಬುಟ್ಟಿ ಹೊತ್ತೇ ಎರಡು ಗೋಡೆಗಳ ನಡುವೆ ಹೋಗಿ ನಿಂತಳು. "ಕೈ ತಾಗ್ದೇ ಇದ್ದಂಗ್ ಬಿಡಿ, ಸಾಕ್."

ರಾಘು ಅಷ್ಟೇ ಬಿಟ್ಟ. ಮರುವರ್ಷ ಆಚಾರ್ರೂ ಕಾಂಪೌಂಡು ಕಟ್ಟಿಸಿದರು. ಅದೇ ಅಳತೆಯಲ್ಲಿ ಕಂಡಿ ಬಿಟ್ಟರು. ನೆಮ್ಮದಿಯಾಗಿರಬೇಕಿತ್ತು. ಆದರೆ ಗಿರಿಜಕ್ಕ ಹೊಸ ಬುಟ್ಟಿ ಕೊಂಡಳೆಂದೂ ಅದು ಹಳೆಯದಕ್ಕಿಂತ ದೊಡ್ಡದೆಂದೂ ಹೆಂಡತಿ ಹೇಳಿದ ಮೇಲೆ ಮರುದಿನ ಬೆಳಿಗ್ಗೆ ಕಾಫಿ ರುಚಿಸದೆ ಹಿತ್ತಲ ಮೆಟ್ಟಿಲ ಮೇಲೆ ಕಾದು ಕುಳಿತೆ.

ಮೊದಲು ವಾಸನೆ ಬಂತು, ಬೆನ್ನಿಗೆ ಬೆಕ್ಕು. ಆಮೇಲೆ, ತುಸು ಓರೆಯಾಗಿ, ಗೋಡೆಗೆ ಕೈ ತಾಗಿಸದೆ, ಗಿರಿಜಕ್ಕ.