ಇಲ್ಲ ಅನ್ನುವ ಹಕ್ಕು

ರಾಜೇಶ್ವರಿಯ ಜೊತೆ ವಾದಕ್ಕೆ ಕೂತು ಹೊತ್ತಿಗೆ ಸರಿಯಾಗಿ ಮನೆ ಸೇರಿದವರನ್ನು ನಾನು ಕಂಡಿಲ್ಲ. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಓದುಬಳಗದಲ್ಲಿದ್ದೆವು. ಬಂಡವಾಳ, ದುಡಿಮೆ, ಪ್ರಭುತ್ವ ಎಂದು ಗಂಟಲು ಹರಿಯುವಂತೆ ಕೂಗಾಡಿದ್ದೇ ಕೂಗಾಡಿದ್ದು. ಓದು ಮುಗಿಯಿತು, ಬಳಗ ಚೆದುರಿತು. ನಾನು ರಾಜ್ಯಶಾಸ್ತ್ರದ ಮೇಷ್ಟರಾಗಿ ಜಲನಗರದಲ್ಲಿ ಮನೆ ಕಟ್ಟಿದೆ. ಗಂಟೆ ಹೊಡೆದ ಕೂಡಲೇ ಕ್ರಾಂತಿಯನ್ನು ಅರ್ಧಕ್ಕೇ ನಿಲ್ಲಿಸುವುದನ್ನು ಕಲಿತೆ. ಅವಳು ಮಾತ್ರ ಬಿಡಲಿಲ್ಲ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ತಾಯಿಯಿಂದ ಬಂದ ಮನೆಯಿತ್ತು. ಅದರ ಪಡಸಾಲೆಯಲ್ಲಿ ಒಲೆ ಹೂಡಿ ರೊಟ್ಟಿ ಕೇಂದ್ರ ತೆರೆದಳು.

"ಕಡೀಕ ನೀನೂ ಮಾಲಕರ ಸಾಲಿಗಿ ಸೇರಿದಿ" ಎಂದು ಮೊದಲ ದಿನವೇ ಕಾಲೆಳೆದೆ.

"ಸೇರೇನಿ. ಸೇರಿ ಏನ ಮಾಡ್ತೇನಿ ಅನ್ನೂದನ್ನ ನೋಡು, ಸಂಗಣ್ಣ" ಅಂದಳು.

ಏಳೆಂಟು ಹೆಂಗಸರು ಕೆಲಸಕ್ಕೆ ಬಂದರು. ಎಲ್ಲರಿಗಿಂತ ಹಿರಿಯಳು ರುದ್ರವ್ವ. ಟಿಕೋಟಾದಿಂದ ಮೊದಲ ಬಸ್ಸಿಗೆ ಬಂದು ಎಸರಿಡುವವಳು ಅವಳೇ. ಎಲ್ಲರಿಗಿಂತ ಬಾಯಿ ಜೋರು ಮಾಬುಬಿಯದು. ರಾಜೇಶ್ವರಿ ತಾನೂ ಅವರ ನಡುವೆ ಕೂತು ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದಳು. ಅವಳ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಅದನ್ನು ಗಿರಾಕಿಗೆ ಕೊಡದೆ ತಾವೇ ತಿಂದು ಮುಗಿಸುತ್ತಿದ್ದರು.

ಅಮಾವಾಸ್ಯೆಗೆ ಒಲೆಗೆ ರಜೆ. ಆ ದಿನ ಎಲ್ಲರೂ ಬಂದು ಕೂತು ಮಾತಾಡಬೇಕು ಎಂಬುದು ರಾಜೇಶ್ವರಿಯ ಕಟ್ಟಳೆ. ಹೆಂಗಸರು ಅದಕ್ಕೆ ಅಮಾಸಿ ಕ್ಲಾಸು ಅಂತ ಹೆಸರಿಟ್ಟಿದ್ದರು. ನಾನೂ ಹೋಗಿ ಕೂಡುತ್ತಿದ್ದೆ. ಬಂಡವಾಳ ಅಂದರೆ ಪೆಟ್ಟಿಗೆಯೊಳಗಿನ ರೊಕ್ಕವಲ್ಲ, ದುಡಿಯುವವರಿಗೂ ದುಡಿಸುವವರಿಗೂ ನಡುವಿನ ಸಂಬಂಧ ಎಂದು ಅವಳು ಹೇಳುತ್ತಿದ್ದರೆ, ನಾನು ಕಾಲೇಜಿನಲ್ಲಿ ಅದನ್ನೇ ಎಷ್ಟು ಸಪ್ಪೆಯಾಗಿ ಹೇಳುತ್ತೇನೆ ಅನ್ನಿಸಿ ಹೊಟ್ಟೆಕಿಚ್ಚಾಗುತ್ತಿತ್ತು. ಒಮ್ಮೆ ಅಧಿಕಾರದ ಮಾತು ಬಂತು.

"ಅಧಿಕಾರ ಯಾರ ಕೈಯಾಗದ ಅಂತ ಗೊತ್ತಾಗಬೇಕಂದ್ರ ಕುರ್ಚಿ ನೋಡಬ್ಯಾಡ್ರಿ. ಇಲ್ಲ ಅನ್ನೂ ಹಕ್ಕು ಯಾರಿಗದ, ಅದನ್ನ ನೋಡ್ರಿ" ಎಂದಳು ರಾಜೇಶ್ವರಿ.

ಮಾಬುಬಿ ಕೇಳಿದಳು: "ಅಕ್ಕಾರ, ಹಂಗಾದ್ರ ಇಲ್ಲಿ ಇಲ್ಲ ಅನ್ನಾವ್ರು ಯಾರ್ರಿ? ಆರ್ಡರ್ ಫೋನು ನಿಮ್ಮ ಕೈಯಾಗ. ನೀವು ಹೂಂ ಅಂದ್ರ ನಾವು ಬಡೀತೀವಿ. ನಾವು ಒಲ್ಲೆ ಅಂದದ್ದು ಯಾವಾಗ?"

ನನಗಂತೂ ನಗು ತಡೆಯಲಾಗಲಿಲ್ಲ. ರಾಜೇಶ್ವರಿಯ ಮುಖ ಕೆಂಪಾಗಿತ್ತು. ತಾನು ಕಲಿಸಿದ್ದನ್ನು ಮಾಬುಬಿ ತನ್ನ ಮೇಲೇ ಎತ್ತಿದಳಲ್ಲ ಅನ್ನಿಸಿತು ಎಂದು ಆಮೇಲೆ ನನ್ನೆದುರು ಒಪ್ಪಿಕೊಂಡಳು. ಆದರೆ ಆ ಹೊತ್ತಿನಲ್ಲಿ ಅವಳು ಮಾಡಿದ್ದೇ ಬೇರೆ. ಫೋನು ತೆಗೆದು ಮಾಬುಬಿಯ ಮುಂದಿಟ್ಟಳು.

"ಇನ್ನ ಮ್ಯಾಲ ಯಾವ ಆರ್ಡರ್ ತಗೊಳ್ಳೂದು, ಯಾವುದು ಬಿಡೂದು, ಎಲ್ಲಾ ಕೈ ಎತ್ತಿ ಆಗಬೇಕು. ನಂದೂ ಒಂದ ಕೈ. ಹೆಚ್ಚಿಲ್ಲ."

ಈ ಮಾತು ಎಷ್ಟು ತೂಕದ್ದು ಎಂದು ಮುಂದಿನ ಬೇಸಿಗೆಗೆ ಗೊತ್ತಾಯಿತು. ಊರೂರಿನ ತಿನಿಸನ್ನು ಮೊಬೈಲಿನಲ್ಲಿ ಮಾರುವ ಒಂದು ಕಂಪನಿಯಿಂದ ಚೇತನಕುಮಾರ ಎಂಬ ಹುಡುಗ ಬಂದ. ತಿಂಗಳಾದರೂ ಕೆಡದ ಒಣ ಕಟಕ ರೊಟ್ಟಿ ವರ್ಷವಿಡೀ ಬೇಕು, ಪೊಟ್ಟಣದ ಮೇಲೆ ಕಂಪನಿಯ ಹೆಸರಿರುತ್ತದೆ, ದರ ಕಂಪನಿಯೇ ಇಡುತ್ತದೆ ಎಂದ. ಹಿಂದೊಮ್ಮೆ ಬಂದಾಗ ಇವನನ್ನು ರಾಜೇಶ್ವರಿ ಬಾಗಿಲಿನಿಂದಲೇ ಕಳಿಸಿದ್ದಳು. ಈಗ ಬಾಗಿಲು ಅವಳೊಬ್ಬಳದಾಗಿರಲಿಲ್ಲ.

ಅವತ್ತು ಅವಳು ವಾದ ಮಾಡಿದ ರೀತಿ ನಾನು ಮರೆಯುವುದಿಲ್ಲ. ಹಳೇ ಕಾಲದ ಸಾಹುಕಾರ ಗಿರಣಿ ಇಟ್ಟುಕೊಳ್ಳುತ್ತಿದ್ದ, ಈಗಿನವನಿಗೆ ಗಿರಣಿಯೂ ಬೇಡ, ಒಲೆಯೂ ಬೇಡ, ಗಿರಾಕಿಯ ದಾರಿ ತನ್ನ ಕೈಯಲ್ಲಿದ್ದರೆ ಸಾಕು ಎಂದಳು. "ಗಿರಾಕಿ ಅವರ ಕೈಗಿ ಹೋದ ಮ್ಯಾಲ ನಾವು ಬರೇ ಅವರ ಒಲಿಗಿ ಕಟ್ಟಿಗಿ."

ರುದ್ರವ್ವ ಕೊನೆಯವರೆಗೂ ಕೇಳಿ ಹೇಳಿದಳು: "ಯವ್ವಾ, ನೀ ಹೇಳೂದು ಖರೆ ಅದ. ಆದರ ಲಗ್ನದ ಹಂಗಾಮ ಮುಗೀತಂದ್ರ ಒಲಿ ಆರ್ತದ. ಆವಾಗ ಹೋಗೂದು ನನ್ನ ಕೆಲಸ. ನಿನ್ನ ವಾದ ಎಲ್ಲಿ ಹೋಗ್ತದ, ಇಲ್ಲೇ ಇರ್ತದ."

ಕೈಗಳು ಎದ್ದವು. ರಾಜೇಶ್ವರಿಯದೊಂದು ಬಿಟ್ಟು ಎಲ್ಲರದೂ.

ಆಗ ಚೇತನಕುಮಾರ ಕರಾರು ಪತ್ರ ತೆಗೆದು ಹೇಳಿದ: "ಮೇಡಂ, ಮನಿ ನಿಮ್ಮ ಹೆಸರಿನ್ಯಾಗ ಅದ. ಸಹಿ ನಿಮ್ಮದೇ ಬೇಕ್ರಿ. ನೀವು ಒಲ್ಲೆ ಅಂದ್ರ ಇವರು ಕೈ ಎತ್ತಿದ್ದು ನಮಗ ನಡಿಯೂದಿಲ್ಲ."

ನನಗೆ ಹೋದ ಜೀವ ಬಂದ ಹಾಗಾಯಿತು. ಒಂದು ಮಾತು ಸಾಕು, ಅವಳ ಇಷ್ಟು ವರ್ಷದ ನಂಬಿಕೆ ಉಳಿಯುತ್ತದೆ. ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು. ಮಾಬುಬಿ ಮಾತ್ರ ನೆಲ ನೋಡುತ್ತಿದ್ದಳು. ರಾಜೇಶ್ವರಿ ಅವನಿಂದ ಪೆನ್ನು ಇಸಿದುಕೊಂಡು ಸಹಿ ಮಾಡಿದಳು.

ಓಣಿಯಲ್ಲಿ ನಿಲ್ಲಿಸಿಕೊಂಡು ಬೈದೆ. ನಿನಗೆ ತಲೆ ಕೆಟ್ಟಿದೆ, ಕೈಯಾರೆ ಎಲ್ಲವನ್ನೂ ಒಪ್ಪಿಸಿಬಿಟ್ಟೆ ಎಂದೆ. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಸೋತದ್ದು ನನ್ನ ವಾದ, ಸಂಗಣ್ಣ. ಮನಿ ನಂದು ಅಂತ ಹೇಳಿ ಇವತ್ತು ಇಲ್ಲ ಅಂದಿದ್ರ, ಮುಂದಿನ ಅಮಾಸಿಗಿ ಯಾವ ಮಾರಿ ತಗೊಂಡು ಅವರ ಮುಂದ ಕೂಡ್ಲಿ? ಗೆಲ್ಲೂತನಕ ವಾದ ಮಾಡ್ತೇನಿ. ಸಹಿ ಹಿಡಕೊಂಡು ಗೆಲ್ಲಂಗಿಲ್ಲ."

ಮರುದಿನದಿಂದ ಆ ಕಂಪನಿಯ ಪೊಟ್ಟಣಕ್ಕೆ ಅವಳೂ ರೊಟ್ಟಿ ಬಡಿದಳು. ಪ್ರತಿ ಅಮಾವಾಸ್ಯೆಗೆ ಕರಾರು ಬಿಡೋಣ ಎಂದು ಕೇಳುತ್ತಿದ್ದಳು. ಅವಳ ಕೈಯೊಂದೇ ಎದ್ದು ಇಳಿಯುತ್ತಿತ್ತು. ನೋಡಲಾಗದೆ ನಾನು ಆ ಕಡೆ ಹೋಗುವುದನ್ನೇ ಕಡಿಮೆ ಮಾಡಿದೆ.

ಮಳೆಗಾಲ ಕಳೆದ ಮೇಲೊಂದು ಅಮಾವಾಸ್ಯೆಗೆ ತಾನೇ ಫೋನ್ ಮಾಡಿ ಕರೆಸಿದಳು. ಹೋದಾಗ ಮಾಬುಬಿ ಎದ್ದು ನಿಂತಿದ್ದಳು. ಹಿಂದಿನ ವಾರ ಕೇಂದ್ರದ ಅರ್ಧ ಮಂದಿಗೆ ಜ್ವರ. ಎರಡು ದಿನ ಆರ್ಡರ್ ಬೇಡ ಎಂದು ತಿಳಿಸಲು ಇವಳು ಕಂಪನಿಯ ಆ್ಯಪ್ ತೆರೆದಿದ್ದಾಳೆ. ಆರ್ಡರ್ ಬರುತ್ತಲೇ ಇದೆ, ಬಂದದ್ದು ತಾನಾಗಿಯೇ ಒಪ್ಪಿಗೆಯಾಗುತ್ತಲೇ ಇದೆ. ಜ್ವರ ಬಂದವರೇ ಎದ್ದು ಕೂತು ರೊಟ್ಟಿ ಬಡಿದಿದ್ದಾರೆ.

"ಇಡೀ ಫೋನು ತಿರುವಿ ಹಾಕೇನ್ರಿ" ಎಂದಳು ಮಾಬುಬಿ. "ಒಪ್ಪಿಗಿ ಅಂತ ಬಟನ್ ಅದ, ಧನ್ಯವಾದ ಅಂತ ಅದ. ಇಲ್ಲ ಅನ್ನೂ ಬಟನ್ನೇ ಇಲ್ರಿ."

ನೋಡಿ, ನಾನು ಹೇಳಿರಲಿಲ್ಲವೇ ಎಂದು ರಾಜೇಶ್ವರಿ ಈಗ ಅನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ. ಎದ್ದು ಹಿಂದಿನ ಸಾಲಿಗೆ ಹೋಗಿ ಕೂತಳು. "ಕರಾರು ಬಿಡೂದೋ ಬ್ಯಾಡೋ, ನೀನ ಕೇಳು" ಅಂದಳು.

ಮಾಬುಬಿ ಕೇಳಿದಳು. ಒಂದೊಂದಾಗಿ ಕೈಗಳು ಎದ್ದವು. ರುದ್ರವ್ವ ಮಾತ್ರ ಎತ್ತಲಿಲ್ಲ. "ನನಗಿನ್ನೂ ಅಂಜಿಕಿ ಅದ, ಯವ್ವಾ. ಆದರ ಅವತ್ತು ನೀ ಒಬ್ಬಾಕಿನ ಸೋತು ಸಹಿ ಮಾಡಿದಿ. ಇವತ್ತು ನಾ ಸೋಲ್ತೇನಿ, ನಡೀಲಿ."

ರಾಜೇಶ್ವರಿ ಬಂದು ಅವಳ ಮಗ್ಗುಲಲ್ಲಿ ಕೂತಳು. "ಹಂಗಾಮ ಮುಗಿದ ಮ್ಯಾಲ ಒಲಿ ಆರಬಾರದು. ಅದು ನನ್ನ ಪಾಳಿ. ನಾಳೆ ಬಬಲೇಶ್ವರದ ಖಾನಾವಳಿಗೋಳಿಗಿ ಹೋಗ್ತೇನಿ, ನೀ ಜೋಡಿ ಬಾ. ರೊಟ್ಟಿ ನಿನ್ನ ಕೈದು ತೋರಸೂಣು, ನನ್ನದು ಬ್ಯಾಡ."

ರುದ್ರವ್ವ ನಕ್ಕಳು. ಅಷ್ಟರಲ್ಲಿ ಮಾಬುಬಿ ಚೇತನಕುಮಾರನಿಗೆ ಫೋನ್ ಹಚ್ಚಿ ಕರಾರು ಬಿಡುವ ಮಾತು ಎತ್ತಿದ್ದಳು. ಆ ಕಡೆಯಿಂದ ಅವನು ಏನೇನೋ ಹೇಳುತ್ತಲೇ ಇದ್ದ. ಅವಳು ಅವಸರ ಮಾಡಲಿಲ್ಲ. ಅವನು ಮುಗಿಸುವವರೆಗೆ ಕಾದಳು.

"ಇಲ್ರಿ" ಅಂದಳು.