ಡ್ರೈವರಣ್ಣ ಎದೆಗೆ ಕಟ್ಟಿಕೊಂಡ ಡಬ್ಬಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಂತೆ ಇನ್ನೊಂದು ಪುಟ್ಟ ಕೋಣೆ. ಅಲ್ಲಿ ಕೂರುವವಳನ್ನು ಎಲ್ಲರೂ ತಂತಿಯಕ್ಕ ಎಂದೇ ಕರೆಯುತ್ತಿದ್ದರು. ಅವಳು ಬಂದದ್ದು ಹೊಲಿಗೆಯವಳಾಗಿ. ರೋಗಿಗಳು ಎದೆಬಡಿತ ಬರೆದಿಡುವ ಡಬ್ಬಿಯನ್ನು ಕೊರಳಿಗೆ ತೂಗುಹಾಕಿಕೊಂಡು ಮನೆಗೆ ಹೋಗುತ್ತಾರಲ್ಲ, ಆ ಡಬ್ಬಿಗೆ ಚೀಲ ಹೊಲಿಯುವುದು ಅವಳ ಕೆಲಸ. ಹೊಲಿದು ಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಒಳಗೇನಿದೆ ಎಂಬ ಹುಳ ತಲೆಗೆ ಹೊಕ್ಕಿತು. ಆಗಿನ ಮೆಕ್ಯಾನಿಕ್ ಮುದುಕನ ಬೆನ್ನು ಹತ್ತಿ, ಇದೇನು ಅದೇನು ಎಂದು ಕೇಳಿ ಕೇಳಿ ಅವನ ಜೀವ ತಿಂದಳು.

"ನಿಂಗೆ ಉತ್ತರ ಹೇಳೋದಕ್ಕಿಂತ ಕೆಲಸ ಕಲಿಸೋದೇ ಸುಲಭ ಕಣಮ್ಮ" ಎಂದು ಅವನು ಸ್ಕ್ರೂಡ್ರೈವರನ್ನು ಅವಳ ಕೈಗಿಟ್ಟ. ಅವನು ನಿವೃತ್ತನಾದ ಮೇಲೆ ಕುರ್ಚಿಯೂ ಅವಳದೇ ಆಯಿತು.

ಮರಳಿ ಬಂದ ಪ್ರತಿ ಡಬ್ಬಿಯನ್ನೂ ಅವಳು ಒಂದೇ ಕ್ರಮದಲ್ಲಿ ನೋಡುವಳು. ಮೊದಲು ಬ್ಯಾಟರಿ ತೆಗೆದು, ಅದು ಕೂರುವ ಗೂಡಿನಲ್ಲಿ ಹಸಿರು ಕಿಲುಬು ಹಿಡಿದಿದೆಯೇ ಎಂದು ನೋಡುವುದು. ಆಮೇಲೆ ಎದೆಗೆ ಅಂಟಿಸುವ ಬಿಲ್ಲೆಗೆ ಸಿಕ್ಕಿಸುವ ಕ್ಲಿಪ್ಪುಗಳು. ಆಮೇಲೆ ತಂತಿ. ದಾರದಲ್ಲಿ ಗಂಟು ಹುಡುಕುವವಳ ಹಾಗೆ ಅದನ್ನು ಬೆರಳ ಸಂದಿಯಲ್ಲಿ ಜಾರಿಸುತ್ತಾ ಬಂದರೆ, ಒಳಗೆ ಮುರಿದ ಜಾಗ ತಾನೇ ಸಿಕ್ಕುತ್ತದೆ. ಕೊನೆಗೆ ಸುಳ್ಳೆದೆ. ಅಂದರೆ ಮನುಷ್ಯರ ಎದೆಬಡಿತದಂಥದೇ ಮಿಡಿತ ಕಳಿಸುವ ಪರೀಕ್ಷೆಯ ಪೆಟ್ಟಿಗೆ; ಆ ಹೆಸರಿಟ್ಟವಳು ಅವಳೇ. ಸುಳ್ಳೆದೆ ಕಳಿಸಿದ್ದನ್ನು ಡಬ್ಬಿ ಹಾಗೆಯೇ ಬರೆದರೆ ಅದು ಮತ್ತೊಬ್ಬರ ಕೊರಳಿಗೆ ಹೋಗಬಹುದು.

ಒಂದು ಬೆಳಿಗ್ಗೆ ಹೃದಯದ ಡಾಕ್ಟರು ತಾವೇ ಮೆಟ್ಟಿಲಿಳಿದು ಬಂದರು. ಕೈಯಲ್ಲೊಂದು ಡಬ್ಬಿ.

"ಅಕ್ಕಾ, ಇದನ್ನ ಬಸ್ ಡ್ರೈವರ್ ಒಬ್ರು ನಿನ್ನೆ ಪೂರ್ತಿ ಹಾಕ್ಕೊಂಡಿದ್ರು. ಎದೇಲಿ ಏನೋ ಹಾರಿದ ಹಾಗಾಗುತ್ತೆ ಅಂದಿದ್ರು. ಬಡಿತದ ಗೆರೆ ನೋಡಿದ್ರೆ ನಡುನಡುವೆ ಹುಚ್ಚುಹಿಡಿದ ಹಾಗೆ ಓಡಿದೆ. ಇದು ನಿಜ ಆದ್ರೆ ನಾನು ಅವರನ್ನ ಸ್ಟೇರಿಂಗ್ ಹಿಡಿಯೋಕೆ ಬಿಡೋ ಹಾಗಿಲ್ಲ. ಆದ್ರೆ ಅವರಿಗೆ ಆಗ ತಲೆಯೂ ಸುತ್ತಿಲ್ಲವಂತೆ. ನಂಗ್ಯಾಕೋ ಅನುಮಾನ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಬೇಡ ಅಂತೀರಿ" ಎಂದಳು ತಂತಿಯಕ್ಕ.

"ಅಷ್ಟೇ. ಎತ್ತು ಯಾವುದು ನೋಡಿ ಹೇಳಿ."

ಅವಳು ನೋಡಿದಳು. ಗೂಡು ಸ್ವಚ್ಛ. ಕ್ಲಿಪ್ಪು ಬಿಗಿ. ತಂತಿಯಲ್ಲಿ ಎಲ್ಲೂ ಮುರುಕಿಲ್ಲ. ಸುಳ್ಳೆದೆಗೆ ಸಿಕ್ಕಿಸಿದರೆ ಗೆರೆ ಪಾಠ ಒಪ್ಪಿಸುವ ಮಗುವಿನ ಹಾಗೆ ತಪ್ಪಿಲ್ಲದೆ ಬಂತು. ಬೇರೆ ದಿನವಾದರೆ ಸಂತೋಷಪಡುತ್ತಿದ್ದಳು. ಇವತ್ತು ಡಬ್ಬಿ ಸರಿಯಿದೆ ಎಂದರೆ ಒಬ್ಬನ ಕೆಲಸ ಹೋಯಿತು ಎಂದರ್ಥ. ಹಾಗೆಂದು ಇಲ್ಲದ ದೋಷವನ್ನು ಹುಟ್ಟಿಸಲಾಗುತ್ತದೆಯೇ?

ಡಬ್ಬಿಯನ್ನು ಮತ್ತೆ ಬೆಳಕಿಗೆ ಹಿಡಿದಳು. ತಂತಿಯ ಮೇಲಿನ ಬಣ್ಣದ ಗುರುತುಗಳು ಅರ್ಧ ಸವೆದಿದ್ದವು. ನಿನ್ನೆ ಬೆಳಿಗ್ಗೆ ತಾನೇ ಕಟ್ಟಿ ಕಳಿಸುವಾಗ ಹೀಗಿರಲಿಲ್ಲ. ಮೂಗಿಗೆ ಹಿಡಿದರೆ ಸೋಪಿನ ವಾಸನೆ. ಬೇರೆಯವರ ಡಬ್ಬಿ ಬೆವರು ಧೂಳು ಹೊತ್ತು ಬರುತ್ತಿದ್ದರೆ, ಇದು ಮದುವೆಗೆ ಹೊರಟಂತಿತ್ತು.

ತಂತಿಯಕ್ಕ ಮೆಟ್ಟಿಲು ಹತ್ತಿದಳು. ಡ್ರೈವರನೂ ಅವನ ಹೆಂಡತಿಯೂ ಅಲ್ಲಿ ಬೆಂಚಿನ ಮೇಲೆ ಕೂತಿದ್ದರು. ಅವನು ಬಗ್ಗಿಸಿದ ತಲೆ ಎತ್ತಿರಲಿಲ್ಲ.

"ಡ್ರೈವರಣ್ಣಾ, ಈ ಡಬ್ಬೀನ ಏನ್ ಮಾಡಿದ್ರಿ?"

"ಏನೂ ಮಾಡಿಲ್ಲಕ್ಕ! ಬೀಳಿಸಿಲ್ಲ, ನೀರು ತಾಗಿಸಿಲ್ಲ. ನೀವೇ ಅಂದ್ರಲ್ಲ, ಜೋಪಾನ, ಚೊಕ್ಕಟವಾಗಿಟ್ಕೊಳ್ಳಿ ಅಂತ. ಒದ್ದೆ ಬಟ್ಟೆ ಹಿಂಡಿ ಒರೆಸಿದೆ, ಅಷ್ಟೇ. ತಗೊಂಡಿದ್ದಕ್ಕಿಂತ ಚೊಕ್ಕಟ ಮಾಡಿ ಗಾಡಿ ಒಪ್ಪಿಸ್ಬೇಕು, ಅದು ನಮ್ಮ ಡಿಪೋ ಕಾನೂನು."

"ಒರೆಸಿದ್ದಾ?" ಹೆಂಡತಿ ಬಾಯಿ ಹಾಕಿದಳು. "ತಿಕ್ಕಿದ್ದು ಅನ್ನಿ. ಎದ್ದ ಕೂಡ್ಲೇ ತಿಕ್ಕು, ಉಂಡ ಮೇಲೆ ತಿಕ್ಕು. ಕಟ್ಕೊಂಡು ಇಷ್ಟು ವರ್ಷ ಆಯ್ತು, ನನ್ನ ಮುಖಾನ ಅಷ್ಟು ಹೊತ್ತು ನೋಡಿಲ್ಲ ಈ ಮನುಷ್ಯ!"

"ಎದೆ ಮೇಲೆ ಇದ್ದ ಹಾಗೇ ತಿಕ್ಕಿದ್ರಾ?"

"ಬಿಚ್ಚಬೇಡಿ ಅಂದಿದ್ರಲ್ಲ."

ತಂತಿಯಕ್ಕನಿಗೆ ನಗು ಬಂತು, ಆದರೆ ನಗಲಿಲ್ಲ. ಅನುಮಾನ ಬೇರೆ, ಖಾತ್ರಿ ಬೇರೆ. ಡಾಕ್ಟರ ಕೋಣೆಯಲ್ಲಿ ಅದೇ ಡಬ್ಬಿಯನ್ನು ಅವನ ಎದೆಗೆ ಹಚ್ಚಿ, ಅದರ ಗೆರೆಯನ್ನು ಪರದೆಗೆ ತಂದಳು. ಗೆರೆ ಸಾವಧಾನವಾಗಿ ನಡೆಯಿತು.

"ಈಗ ಮನೇಲಿ ಮಾಡಿದ ಹಾಗೇ ಮಾಡಿ."

ಅವನು ಕರ್ಚೀಫು ತೆಗೆದು ತಂತಿ, ಕ್ಲಿಪ್ಪುಗಳನ್ನೆಲ್ಲ ಭಕ್ತಿಯಿಂದ ತಿಕ್ಕತೊಡಗಿದ. ಪರದೆಯ ಮೇಲಿನ ಗೆರೆ ಕಟ್ಟು ಬಿಚ್ಚಿದ ಕುದುರೆಯಾಯಿತು. ಡಾಕ್ಟರು ಅವನ ಇನ್ನೊಂದು ಕೈ ಹಿಡಿದು ನಾಡಿ ನೋಡುತ್ತಿದ್ದರು. ಕುದುರೆ ಓಡುತ್ತಲೇ ಇತ್ತು. ಅವರ ಬೆರಳಡಿಯ ನಾಡಿ ಮಾತ್ರ ತನ್ನ ಪಾಡಿಗೆ ನಡೆಯುತ್ತಿತ್ತು.

"ನಿಲ್ಲಿಸಿ" ಎಂದರು. ಗೆರೆ ಮತ್ತೆ ಹದಕ್ಕೆ ಬಂತು. "ಮತ್ತೆ ತಿಕ್ಕಿ." ಮತ್ತೆ ಓಡಿತು. ಡಾಕ್ಟರು ಆಟಿಕೆ ಸಿಕ್ಕ ಮಗುವಿನಂತೆ ಇನ್ನೊಮ್ಮೆ, ಮತ್ತೊಮ್ಮೆ ತಿಕ್ಕಿಸಿದರು. "ಆದ್ರೂ ಗಾಡಿ ಓಡಿಸ್ಬಹುದು ಅಂತ ಇಷ್ಟಕ್ಕೇ ಸಹಿ ಹಾಕಲ್ಲ. ಇನ್ನೊಂದು ದಿನ ಹಾಕ್ಕೊಳ್ಳಿ. ಎದೇಲಿ ಹಾರಿದ್ದು ಏನು ಅಂತ ಇನ್ನೂ ಗೊತ್ತಾಗಿಲ್ಲ."

ಈ ಸಲ ಡಬ್ಬಿ ಕಟ್ಟುವಾಗ ತಂತಿಯಕ್ಕ ಮಾತು ಬದಲಿಸಿದಳು. "ಕೊಳೆ ಆದ್ರೆ ಆಗ್ಲಿ. ತೊಳೆಯೋಕೆ ನಾನಿದ್ದೀನಿ. ಕೈ ಹಚ್ಚಬೇಡಿ."

"ನಾನು ಕಾವಲಿರ್ತೀನಿ ಬಿಡಕ್ಕ" ಎಂದಳು ಹೆಂಡತಿ.

ಮಾರನೆಯ ದಿನ ತಂತಿಯಕ್ಕ ಹೊಸ ಗೆರೆಯನ್ನು ಪರದೆಗೆ ತಂದಳು, ಡಾಕ್ಟರು ಉದ್ದಕ್ಕೂ ನೋಡಿದರು. ಅಲ್ಲೊಂದು ಇಲ್ಲೊಂದು ಬಡಿತ ಅವಸರಪಟ್ಟು ಮುಂದೆ ಬಿದ್ದಿತ್ತು. "ಹಾರಿದ್ದು ಇದೇ. ತುಂಬಾ ಜನಕ್ಕೆ ಇರುತ್ತೆ. ಟೀ ಕಡಿಮೆ ಮಾಡಿ, ನಿದ್ದೆ ಮಾಡಿ, ಮತ್ತೆ ಬಂದು ತೋರಿಸಿ. ಗಾಡಿ ಓಡಿಸ್ಬಹುದು."

ಡ್ರೈವರ ಎದ್ದು ನಿಂತ. ಹೊರಡಲಿಲ್ಲ. ಪರದೆಯತ್ತ ಬಗ್ಗಿದ.

"ಇದೆಲ್ಲಾ ನಂದೇನಾ ಅಕ್ಕ?"

"ನಿಮ್ದೇ. ಇಲ್ಲಿ ನಿಧಾನ ಇದೆ ನೋಡಿ, ನಿದ್ದೆ. ಇಲ್ಲಿ ಸ್ವಲ್ಪ ಜೋರು, ಮೆಟ್ಟಿಲು ಹತ್ತಿರ್ಬೇಕು."

"ಮತ್ತಿದು? ಇಷ್ಟು ಉದ್ದಕ್ಕೂ ಜೋರಾಗಿದೆ?"

ಅವನ ಹೆಂಡತಿ ಹಿಂದಿನಿಂದ ಕತ್ತು ಚಾಚಿದಳು. "ಅದಾ? ಕರ್ಚೀಫು ಕಿತ್ಕೊಂಡೆ ಅಂತ ನನ್ನ ಮೇಲೆ ಕೂಗಾಡಿದ್ದು."